ತಟ್ಟೆಯಲ್ಲಿ ತೋರಿಸಿದ ಸುಳಿ

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಬಳ್ಳಾರಿಯಲ್ಲಿ ಜೀನ್ಸ್ ತೊಳೆಯುವ ಘಟಕದಲ್ಲಿ ದುಡಿದು ಕುರುಗೋಡಿನಲ್ಲಿ ಮನೆ ಕಟ್ಟಿದೆ, ಮಗಳನ್ನು ಎಂ.ಎಸ್ಸಿ. ಓದಿಸಿದೆ. ಯಾರ ಮುಂದೆಯೂ ಕೈಯೊಡ್ಡಿದವನಲ್ಲ. ಈಗ ಅವಳು ಸಂಶೋಧನೆ ಮಾಡುತ್ತಾಳೆ. ಏನದು ಎಂದು ಯಾರಾದರೂ ಕೇಳಿದರೆ "ಅಣುವಿಂದು" ಎನ್ನುತ್ತಿದ್ದೆ, ಎದೆಯುಬ್ಬಿಸಿ. ಅದಕ್ಕಿಂತ ಹೆಚ್ಚು ನನಗೂ ಗೊತ್ತಿರಲಿಲ್ಲ.

ಹೋದ ತಿಂಗಳು ಸಿರುಗುಪ್ಪದಿಂದ ಅವಳನ್ನು ನೋಡಲು ಬಂದರು. ಹುಡುಗ, ಅವನ ಅಪ್ಪ, ಸೋದರತ್ತೆ. ಅಕ್ಕಿ ಗಿರಣಿಯ ಮನೆತನ. ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನುವ ತನಕ ಎಲ್ಲ ಚೆನ್ನಾಗಿತ್ತು. ಹುಡುಗನ ಅಪ್ಪ ಆಗಲೇ ನನ್ನನ್ನು ಬೀಗರೆಂದು ಕರೆಯತೊಡಗಿದ್ದರು.

"ಬೀಗರ, ಅಣು ಅಂದ್ರ ಬಾಂಬಿಂದಲ್ಲೇನ್ರಿ? ನಾಳಿ ಮಕ್ಕಳು ಮರಿಗೆ ಏನಾರ ಆದ್ರ?"

ನಾನು ಬಾಯಿ ತೆರೆಯುವ ಮೊದಲೇ ಮಗಳು ತಟ್ಟೆಯಲ್ಲಿ ನೀರು ತಂದಿಟ್ಟು, ಚಿಟಿಕೆ ಕುಂಕುಮ ಹಾಕಿ ಬೆರಳಾಡಿಸಿದಳು. ಕೆಂಪು ಸುಳಿ ಎದ್ದಿತು.

"ಬಾಂಬ್ ಅಲ್ರಿ. ಅಣುವಿನ ನಡುವ ಒಂದು ಬೀಜ ಇರ್ತೈತಿ. ಅದು ಗಟ್ಟಿ ಗುಂಡಲ್ಲ, ನೀರಿನ ಹನಿ ಇದ್ದಂಗ. ಎರಡು ಬೀಜ ಓರೆಯಾಗಿ ಡಿಕ್ಕಿ ಹೊಡದ್ರ ಒಳಗ ಹಿಂಗ ಸುಳಿ ಏಳ್ತಾವೇನು ಅಂತ ಲೆಕ್ಕ ಹಾಕ್ತೀನಿ. ಬೀಜದೊಳಗ ಏಳೂ ಅಲೀನೂ ಅಷ್ಟ, ನೀರಿನ ಅಲಿ ಇದ್ದಂಗ. ಸಣ್ಣ ಅಲಿ ಹರಡಿ ಮಾಯ ಆಗ್ತಾವ. ದೊಡ್ಡ ಅಲಿ ಹಂಗಲ್ಲ, ಅದರ ಎತ್ತರನ ಅದರ ಓಟ ಬದಲಸ್ತೈತಿ. ಒಂದೊಂದು ಉಬ್ಬು ಚದುರದಂಗ ದೂರ ಹೋಗ್ತೈತಿ. ಪೆನ್ನು, ಕಂಪ್ಯೂಟರ್ ಬಿಟ್ರ ನಾ ಏನೂ ಮುಟ್ಟಂಗಿಲ್ರಿ."

ಸೋದರತ್ತೆ ಕಾಲು ಮೇಲೆಳೆದುಕೊಂಡಳು. "ಅಯ್ಯ ಶಿವನ! ಯಾರ ದೃಷ್ಟಿ ತಗೀತಿಯವ್ವಾ? ನಮ್ಮ ಕಣ್ಣು ಅಷ್ಟು ಕೆಟ್ಟದೇನು?"

ದೃಷ್ಟಿ ತೆಗೆದ ಕೆಂಪು ನೀರನ್ನು ನಾವು ಹೊಸ್ತಿಲಾಚೆ ಚೆಲ್ಲುತ್ತೇವೆ. ಬಂದವರ ಎದುರಿಗೇ ತಂದಿಟ್ಟರೆ ಅವರ ಕಣ್ಣೇ ತಾಗಿತೆಂದು ಹೇಳಿದಂತೆ. ನನ್ನ ಹುಡುಗಿಗೆ ಸುಳಿಯ ಧ್ಯಾನದಲ್ಲಿ ಅದು ಹೊಳೆಯಲೇ ಇಲ್ಲ. ಹುಡುಗ ನಕ್ಕ, ಮಗಳೂ ನಕ್ಕಳು. ಅವನ ಅಪ್ಪ ನಗಲಿಲ್ಲ.

"ಇದೆಲ್ಲ ಸಾಕು. ಬಿ.ಎಡ್. ಮಾಡ್ಲಿ, ಸಾಲಿ ಟೀಚರ್ ಆಗ್ಲಿ. ಅಣು ಬಿಡಸ್ತೀನಿ ಅಂತ ಮಾತು ಕೊಡ್ರಿ, ಇವತ್ತ ಎಲಿ ಅಡಕಿ ಹಿಡಿಯೂಣು."

ಎಲೆ ಅಡಿಕೆ ಹಿಡಿದು ಕೊಟ್ಟ ಮಾತನ್ನು ಹೆಣ್ಣಿನ ತಂದೆ ತಿರುಗಿಸುವಂತಿಲ್ಲ. ನಾನು ಎಲೆ ಅಡಿಕೆಯ ತಾಟನ್ನು ಆಚೆ ಸರಿಸಿದೆ.

"ಆಕಿ ಓದು ಬಿಡಸಾಕ ನೀವ್ಯಾರ್ರಿ? ನಾನಿನ್ನ ನಿಮ್ಮ ಬೀಗ ಆಗಿಲ್ಲ."

ಅವರು ಎದ್ದು ಹೋದರು. ಹೆಂಡತಿ ಚಹಾದ ಕಪ್ಪುಗಳನ್ನು ಎತ್ತಿಕೊಂಡಳು. ಮಗಳು ಮೆಚ್ಚುತ್ತಾಳೆಂದುಕೊಂಡಿದ್ದೆ.

"ಬಿಡಂಗಿಲ್ಲ ಅಂತ ನಾನ ಹೇಳ್ತಿದ್ನಪ್ಪಾ. ಆ ಹುಡುಗ ನನ್ನ ಕೆಲಸ ತಿಳಕೊಂಡ ಬಂದಿದ್ದ. ನನಗೂ ಮನಸಿತ್ತು. ಅವನ್ನ ಕೇಳಿದೇನು? ನನ್ನಾರ ಕೇಳಿದೇನು?"

"ಅವರಪ್ಪ ಅಂದದ್ದಕ್ಕ ಸುಮ್ನ ಕುಂದರ್ಲೇನು?"

"ನಿನ್ನ ಮಾನ ಉಳೀತು ಬಿಡು."

ಫೋನು ಹಿಡಿದು ಮಾಳಿಗೆ ಹತ್ತಿದಳು. ಕೆಳಗೆ ನನಗೆ ಅವಳ ದನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಇಳಿದು ಬಂದು ನನ್ನ ಮುಖ ನೋಡದೆ ಹೇಳಿದಳು:

"ಆಂವ ಅವರಪ್ಪನ್ನ ಒಪ್ಪಸ್ತಾನಂತ. ಓದೂ ಬಿಡೂದು ಬ್ಯಾಡಂತ. ಆದ್ರ ಎಬ್ಬಿಸಿ ಕಳಿಸಿದಾವ್ರು ನಾವು. ಸಿರುಗುಪ್ಪಕ್ಕ ಮೊದಲು ನೀನ ಹೋಗಬೇಕು."

ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗಲು ಬಸ್ ನಿಲ್ದಾಣದಲ್ಲಿ ನಿಲ್ಲುತ್ತೇನೆ. ಸಿರುಗುಪ್ಪದ ಬಸ್ಸೂ ಅಲ್ಲಿಗೇ ಬರುತ್ತದೆ. ಕಂಡಕ್ಟರ್ ಊರಿನ ಹೆಸರು ಕೂಗುತ್ತಾನೆ. ಮಗಳು ಎರಡನೇ ಸಲ ಹೇಳಿಲ್ಲ. ನಾನು ಬಳ್ಳಾರಿ ಬಸ್ಸನ್ನೇ ಹತ್ತುತ್ತಿದ್ದೇನೆ.