ಮೊಮ್ಮಗಳ ಪಾಲಿನ ಒಂದು ಮಂಕರಿ ಮಣ್ಣು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಮೊನ್ನೆಯ ದೊಡ್ಡ ಮಳೆಯಲ್ಲಿ ಅವಳ ತೊಟ್ಟಿಲ ಕೆಳಗೆ ಒಂದು ತೊಟ್ಟು ನೀರೂ ಬರಲಿಲ್ಲ. ಈ ಎರಡು ಸಂತೋಷ ಮೊದಲು ಹೇಳಿಬಿಟ್ಟರೇ ನನ್ನ ಕೈ ಮುಂದಕ್ಕೆ ಬರೆಯುವುದು. ಮಳೆ ನಿಂತ ಮೇಲೆ ಬಾಗಿಲು ತೆರೆದೆ. ಬೀದಿಯ ಕೊನೆಯ ಮಣ್ಣಿನ ಒಡ್ಡಿನಿಂದ ಹಸಿಮಣ್ಣು, ಗರಿಕೆ ಬೆರೆತ ವಾಸನೆ ಬಂತು. ಅದು ನಮ್ಮವ್ವನ ಸೆರಗಿನ ವಾಸನೆ. ನಿಮಗೂ ಅಂಥದ್ದೊಂದು ನೆನಪಿರಬಹುದು.

ನಾನು ಚಿಕ್ಕವಳಾಗಿದ್ದಾಗ ನಮ್ಮ ಕೊಡಿಗೇಹಳ್ಳಿ ಇನ್ನೂ ಹಳ್ಳಿಯೇ. ಮೇಲಿನ ಹೊಲಗಳ ಮಳೆನೀರು ಮನೆಗಳಿಗೆ ನುಗ್ಗದಿರಲೆಂದು ಊರವರೇ ಕೂಡಿ ಒಡ್ಡು ಹಾಕಿದ್ದರು. ಮಣ್ಣು ಗಟ್ಟಿಯಾಗಲೆಂದು ಅದರ ಮೇಲೆ ಕುರಿಮಂದೆ ಓಡಾಡಿಸುತ್ತಿದ್ದರು. ಮಗು ಹುಟ್ಟಿದ ಮನೆಯವರು ಮಗುವಿನ ಪಾಲೆಂದು ಒಡ್ಡಿಗೆ ಒಂದು ಮಂಕರಿ ಮಣ್ಣು ಹಾಕಬೇಕಿತ್ತು. ಮಳೆಗೆ ಸವೆದದ್ದು ಹಾಗೆ ತುಂಬಿಕೊಳ್ಳುತ್ತಿತ್ತು. ನನ್ನ ತಮ್ಮ ಹುಟ್ಟಿ ತಿಂಗಳು ತುಂಬಿದ ಮೇಲೆ ಅವ್ವ, ತಲೆಗೆ ಕಟ್ಟಿದ ಬಾಣಂತಿ ಬಟ್ಟೆಯ ಮೇಲೆಯೇ ಮಂಕರಿ ಹೊತ್ತಳು. "ಇವನ ಪಾಲೂ ಸೇರ್ತು ಕಣೇ," ಎಂದು ಅಂಗೈ ಸೆರಗಿಗೆ ಒರೆಸಿ ನನ್ನ ಕೆನ್ನೆ ಸವರಿದಳು.

ಆಮೇಲೆ ಹೊಲಗಳು ಸೈಟುಗಳಾದವು. ಒಡ್ಡನ್ನು ಮಟ್ಟ ಮಾಡಿ ರಸ್ತೆ ಎಳೆದರು. ಅವ್ವ ಆ ದಿನ ಉಣ್ಣಲಿಲ್ಲ. ಅಲ್ಲಿಂದಾಚೆ ಮಳೆಗಾಲ ಬಂದರೆ ಅಕ್ಕಿ ಮೂಟೆಯೂ ಮಂಚದ ಮೇಲೆ, ನಮ್ಮ ಊಟವೂ ಮಂಚದ ಮೇಲೆ. ಮಗಳನ್ನು ಚೊಚ್ಚಲ ಬಾಣಂತನಕ್ಕೆ ಕರೆಯಲು ಗೊರಗುಂಟೆಪಾಳ್ಯಕ್ಕೆ ಹೋದಾಗ ಬೀಗಿತಿ ನೇರವಾಗಿ ಹೇಳಿದರು: "ಬೇಜಾರ್ ಮಾಡ್ಕೋಬೇಡಿ ಕಣ್ರೀ. ನಿಮ್ಮನೆಗೆ ನೀರ್ ನುಗ್ಗುತ್ತೆ. ಹುಟ್ಟೋ ಕೂಸನ್ನ ಅಲ್ಲಿ ಹೆಂಗ್ ಮಲಗ್ಸೋದು?" ನಾನು ತಲೆ ತಗ್ಗಿಸಿಕೊಂಡು ಬಂದೆ. ಆ ಬೇಸಿಗೆಯಲ್ಲೇ ಬೀದಿಯವರೆಲ್ಲ ಸೇರಿ ಹಳೆಯ ಜಾಗದ ಪಕ್ಕ ಮತ್ತೆ ಒಡ್ಡು ಹಾಕಿಸಿದೆವು. ಕುರಿ ಓಡಾಡಿಸಿ ಎಂದೆ. ಮಗ ನಕ್ಕ: "ಅಮ್ಮಾ, ರೋಲರ್ ಬಂದಿದೆ. ಕುರಿ ಬಂದ್ರೆ ಈ ಬೀದಿಯವ್ರು ಬಿರಿಯಾನಿ ಮಾಡ್ಬಿಡ್ತಾರೆ." ಬೀಗಿತಿ ಅರೆಮನಸ್ಸಿನಿಂದ ಮಗಳನ್ನು ಕಳಿಸಿದರು. ನೀರು ನುಗ್ಗಿದ ದಿನವೇ ತಾಯಿ ಮಗು ಇಬ್ಬರನ್ನೂ ಕರೆದುಕೊಂಡು ಹೋಗುತ್ತೇನೆ ಎಂದಿದ್ದರು.

ಮಳೆಯ ಮರುದಿನ ಅವರು ಬಂದು, ಬರಿಗಾಲಲ್ಲಿ ಮೂಲೆಮೂಲೆ ತುಳಿದು ನೋಡಿದರು. ನೆಲ ಒಣಗಿಯೇ ಇತ್ತು. ನಾನು ಪ್ಲಾಸ್ಟಿಕ್ ಬುಟ್ಟಿಗೆ ಮಣ್ಣು ತುಂಬಿಕೊಂಡು ಒಡ್ಡಿನ ಕಡೆ ಹೊರಟೆ. ಯಾಕೆಂದು ಕೇಳಿದರು, ಹೇಳಿದೆ. ಅವರು ಸೆರಗು ಸಿಕ್ಕಿಸಿ, "ಅವ್ಳು ನನಗೂ ಮೊಮ್ಮಗಳೇ ಅಲ್ವಾ," ಎಂದು ಬುಟ್ಟಿಯ ಇನ್ನೊಂದು ಹಿಡಿಗೆ ಕೈ ಹಾಕಿದರು.

ಆ ಸಂಜೆ ಎಲ್ಲರೂ ನೆಲದ ಮೇಲೆ ಸಾಲಾಗಿ ಕುಳಿತು ಮುದ್ದೆ, ಹುರುಳಿಕಾಳು ಸಾರು ಉಂಡೆವು. ಎಷ್ಟು ತೊಳೆದರೂ ನನ್ನ ಕೈಯಿಂದ ಅವ್ವನ ವಾಸನೆ ಹೋಗಿರಲಿಲ್ಲ. ಅದೇ ಕೈಯಲ್ಲಿ ಉಂಡೆ.