ಚೌಕಟ್ಟಿನಾಚೆ ಕೂತ ಚಿಗವ್ವ

ಮಾನ್ಯ ಓದುಗರಲ್ಲಿ ಮೊದಲಿಗೇ ಕ್ಷಮೆ ಕೋರುತ್ತೇನೆ. ನನ್ನ ಅಕ್ಷರ ದುಂಡಗಿಲ್ಲ, ಕಾಗುಣಿತವೂ ಭರವಸೆಯದ್ದಲ್ಲ. ಜಮಖಂಡಿಯ ಕಚೇರಿಯೊಂದರ ಆವಕ-ಜಾವಕ ಮೇಜಿನಲ್ಲಿ ಹದಿನೆಂಟು ವರ್ಷ ಪತ್ರ ಬರೆದವಳಿಗೆ ಬೇರೆ ತೆರನಾದ ಬರವಣಿಗೆ ರೂಢಿಯಿಲ್ಲ. ಹೀಗಾಗಿ ಮನಸ್ಸಿನ ಸಂಗತಿಯನ್ನೂ ಕಡತದ ಭಾಷೆಯಲ್ಲಿಯೇ ನಿವೇದಿಸಿಕೊಳ್ಳುತ್ತಿದ್ದೇನೆ.

ಕಳೆದ ವಾರ ಚಿಮ್ಮಡದ ಶಾಲೆಯ ಶಿಕ್ಷಕಿಯೊಬ್ಬರು ಯಾವುದೋ ದಾಖಲೆಗಾಗಿ ಕಚೇರಿಗೆ ಬಂದಿದ್ದರು. ಕೆಲಸ ಮುಗಿದರೂ ಏಳಲಿಲ್ಲ. "ಮೇಡಂ, ನೀವು ಗೊಂಬಿ ವಿಡಿಯೋ ಮಾಡಿದ್ರಂತ ಕೇಳೇನ್ರಿ. ನಮ್ಮ ಹುಡುಗರು ಮಣ್ಣಿನ ಗೊಂಬಿ ಮಾಡ್ಯಾವು. ಫೋನ್ ಅಡ್ಡ ಇಡಬೇಕೋ, ನಿಂದ್ರಸಬೇಕೋ?" ಎಂದು ಕೇಳಿದರು. "ವಿಚಾರಿಸಿ ತಿಳಿಸ್ತೇನ್ರಿ" ಎಂದೆ. ಎಂಥ ಅರ್ಜಿಗೂ ನಾವು ಕೊಡುವ ಉತ್ತರ ಅದೇ ಅಲ್ಲವೇ? ಆದರೆ ಅಂದು ಬನಹಟ್ಟಿಯ ಬಸ್ಸಿನಲ್ಲಿ ಮನೆ ಮುಟ್ಟುವವರೆಗೂ ನನ್ನ ಮೂಗಿನಲ್ಲಿ ನೂಲಿನ ಗಂಜಿಯ ವಾಸನೆಯೇ ಇತ್ತು.

ಅದು ಕಾಕಾನ ವಾಸನೆ. ನನ್ನ ತಂದೆಯ ತಮ್ಮ. ರಬಕವಿಯಲ್ಲಿ ನಲವತ್ತು ವರ್ಷ ಕೈಮಗ್ಗದಲ್ಲಿ ಸೀರೆ ನೇಯ್ದವನು. ಆತನ ಹೆಂಡತಿ, ನನ್ನ ಚಿಗವ್ವ, ತೀರಿಕೊಂಡ ಮೇಲೆ ಮಗ್ಗ ಬಿಚ್ಚಿ ನಮ್ಮ ಮನೆಗೆ ಬಂದ. ಕೈ ಸುಮ್ಮನಿರದೆ ಉಳಿದ ನೂಲಿನಿಂದ ಗೊಂಬೆ ಕಟ್ಟಲು ಕುಳಿತ. ನೇಕಾರ ಗೊಂಬೆಯೊಂದು ತಯಾರಾಯಿತು, ಬಿದಿರು ಕಡ್ಡಿಯ ಗೇಣುದ್ದದ ಮಗ್ಗವೂ ತಯಾರಾಯಿತು. ಸ್ಟಾಪ್ ಮೋಷನ್ ವಿಡಿಯೋ ಮಾಡುವ ಹುಚ್ಚು ನನ್ನದು. ಗೊಂಬೆಯನ್ನು ಜೋಳದ ಕಾಳಿನಷ್ಟು ಸರಿಸಿ ಒಂದು ಚಿತ್ರ ತೆಗೆಯುವುದು, ಮತ್ತೆ ಸರಿಸಿ ಇನ್ನೊಂದು. ಹನ್ನೆರಡು ಚಿತ್ರ ಸೇರಿದರೆ ಒಂದು ಸೆಕೆಂಡು. ನಾನು ವಿವರಿಸಿದಾಗ ಕಾಕಾ ನಕ್ಕಿದ್ದ. "ಇದರಾಗ ಹೊಸಾದೇನೈತಿ ಬೇ? ಒಂದೊಂದ ಎಳಿ ಹಾಕಿ ಸೀರಿ ಮಾಡಿದಂಗ."

ಆಮೇಲೆ ಆತ ಕೇಳಿದ ಮೊದಲ ಪ್ರಶ್ನೆ, "ಪನ್ನಾ ಎಷ್ಟು?" ಪನ್ನಾ ಎಂದರೆ ಬಟ್ಟೆಯ ಅಗಲ. ಅದು ನಿಗದಿಯಾಗದೆ ನೇಕಾರ ಹಾಸಿನ ಒಂದು ಎಳೆಯನ್ನೂ ಮಗ್ಗಕ್ಕೆ ಏರಿಸುವುದಿಲ್ಲ. ಏರಿಸಿದ ಮೇಲೆ ಅಗಲ ಬದಲಾಗುವುದಿಲ್ಲ.

"ಅಗಲ ಒಂಬತ್ತು, ಎತ್ತರ ಹದಿನಾರು ಕಾಕಾ. ಎಲ್ಲಾರೂ ಫೋನ್ ನಿಂದ್ರಿಸೇ ನೋಡ್ತಾರು" ಎಂದೆ.

"ಸೀರಿ ನೇಯಾಕ ಕುಂತು ಟವೆಲ್ಲಿನ ಪನ್ನಾ ಹಿಡದಿಯಲ್ಲ. ಲಾಳಿ ಓಡೂದು ಅಡ್ಡ, ನಿನ್ನ ಫೋನ್ ನಿಂತೈತಿ ಉದ್ದ."

"ನಿನಗ ತಿಳಿಯೂದಿಲ್ಲ, ಸುಮ್ನಿರು ಕಾಕಾ." ಪಾಸ್‌ಪೋರ್ಟ್ ಅಳತೆಯ ಭಾವಚಿತ್ರಗಳನ್ನು ಅರ್ಜಿಗೆ ಅಂಟಿಸಿಯೇ ಆಯುಷ್ಯ ಕಳೆದವಳು ನಾನು. ಚೌಕಟ್ಟಿನ ಬಗ್ಗೆ ನನಗಿದ್ದ ಸಮಸ್ತ ಜ್ಞಾನವೂ ಅಷ್ಟೇ ಆಗಿತ್ತು.

ನಮ್ಮ ಓಣಿಯ ಸಂಗತಿ ನಿಮಗೆ ತಿಳಿಸಬೇಕು. ಎರಡೂ ಬದಿಗೆ ಪವರ್‌ಲೂಮ್. ಅವು ನಡೆಯುವಾಗ ನೆಲ ನಡುಗುತ್ತದೆ, ಮೇಜಿನ ಮೇಲಿನ ಗೊಂಬೆಯೂ ನಡುಗುತ್ತದೆ. ಆದ್ದರಿಂದ ಕರೆಂಟು ಹೋದಾಗ ಮಾತ್ರ ನಮ್ಮ ಕೆಲಸ, ಚಾರ್ಜಿಂಗ್ ಲೈಟಿನ ಬೆಳಕಿನಲ್ಲಿ. ರಜೆಯ ದಿನ ಓಣಿಯೆಲ್ಲ ಶಪಿಸುವ ಹೊತ್ತಿಗೆ ಕಾಕಾ ಹುರುಪಿನಿಂದ ಕೂಗುತ್ತಿದ್ದ. "ಹೋತು ಹೋತು, ಲಗೂನ ಬಾ."

ನಾಲ್ಕನೆಯ ಸಲ ಕೂತಾಗ ಆತ ಅಂಗಿಯ ಜೇಬಿನಿಂದ ಇನ್ನೊಂದು ಗೊಂಬೆ ತೆಗೆದ. ಹಸಿರು ಸೀರೆ, ಎದುರಿಗೆ ಬೆಂಕಿಕಡ್ಡಿಯ ಹಿಡಿಕೆಯ ರಾಟಿ. ಮಗ್ಗದ ಬಲಗಡೆ ಇಟ್ಟ. "ಅಕಿ ಇಲ್ಲದ ಕಂಡಿಕಿ ಯಾರು ಸುತ್ತತಾರು?" ಎಂದ. ಲಾಳಿಯೊಳಗಿನ ನೂಲನ್ನು ಚಿಗವ್ವ ನಲವತ್ತು ವರ್ಷ ಸುತ್ತಿದ್ದು ಹಾಗೆಯೇ, ಆತನ ಬಲಗಡೆ ಕೂತು.

ನಾನು ಫೋನಿನಲ್ಲಿ ನೋಡಿದೆ. ಮಗ್ಗದ ಬಲತುದಿಗೇ ಚೌಕಟ್ಟು ಮುಗಿದಿತ್ತು; ಸದರಿ ಗೊಂಬೆ ಅದರಾಚೆ ಇತ್ತು. ಅದನ್ನು ಒಳಗೆ ತರಬೇಕೆಂದರೆ ಫೋನ್ ಅಡ್ಡ ಮಾಡಿ, ಅಲ್ಲಿಯವರೆಗಿನ ಮುನ್ನೂರು ಚಿತ್ರಗಳನ್ನೂ ಮೊದಲಿನಿಂದ ತೆಗೆಯಬೇಕಿತ್ತು. ಕಾಕಾ ಮೇಜಿನ ಆಚೆ ಬದಿಗೆ ಕೂರುತ್ತಿದ್ದ, ಆತನಿಗೆ ಪರದೆ ಕಾಣುತ್ತಿರಲಿಲ್ಲ. ನಾನು ಹೇಳಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ. ಕಚೇರಿಯಲ್ಲಿ ಎಷ್ಟೋ ಕಡತಗಳನ್ನು ಹಾಗೆಯೇ ಮುಂದೂಡಿದ್ದೇನೆ, ಯಾರೂ ಸತ್ತಿರಲಿಲ್ಲ.

ಐದು ತಿಂಗಳು, ಪ್ರತಿ ಚಿತ್ರಕ್ಕೂ ಕಾಕಾ ಆ ರಾಟಿಯನ್ನು ಒಂದು ಕೂದಲೆಳೆ ತಿರುಗಿಸಿದ. ಕೆಲವೊಮ್ಮೆ ಅವಳ ತಲೆಯನ್ನು ಮಗ್ಗದ ಕಡೆಗೆ ತುಸು ವಾಲಿಸುತ್ತಿದ್ದ. "ಎಳಿ ಹರದರ ಹಿಂಗ ನೋಡ್ತಿದ್ಲು, ಬೈಯುವಂಗ" ಎನ್ನುತ್ತಿದ್ದ. ನಾನು "ಹೂಂ" ಎಂದು ಗುಂಡಿ ಒತ್ತುತ್ತಿದ್ದೆ. ನಾನು ಒತ್ತಿದಷ್ಟು ಸಲವೂ ಅದು ಸುಳ್ಳೇ.

ವಿಡಿಯೋ ಒಂದೂವರೆ ನಿಮಿಷದ್ದಾಯಿತು. ಮನೆಯವರೆಲ್ಲ ಸುತ್ತ ಕೂತು ನೋಡಿದರು, ಲಾಳಿ ಓಡಿದಾಗ ಮಕ್ಕಳು ಚಪ್ಪಾಳೆ ತಟ್ಟಿದರು. ಕಾಕಾ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಎರಡು ಸಲ ನೋಡಿದ.

"ಇಕಿ ಎಲ್ಲಿ?"

"ಇಲ್ಲೇ ಬಾಜೂಕ ಅದಾಳ ಕಾಕಾ. ಕಾಣಸೂದಿಲ್ಲ ಅಷ್ಟ."

ಕಾಕಾ ಫೋನು ನನ್ನ ಕೈಗೆ ಕೊಟ್ಟು, "ಇದ್ದಾಗೂ ಹಂಗ ಇದ್ಲು. ಸೀರಿ ನೋಡಿದವ್ರು ನನ್ನ ಹೆಸರಷ್ಟ ಹೇಳತಿದ್ರು" ಎಂದ. ಬೈದಿದ್ದರೆ ನಾನು ಹಗುರಾಗುತ್ತಿದ್ದೆ. ಮರುದಿನ ಮಾತ್ರ, "ಇನ್ನೊಮ್ಮೆ ತಗಿಯೂಣು ಬೇ, ಅಗಲ ಹಿಡಿ" ಎಂದ. ಮಾರ್ಚ್ ಕೆಲಸದ ಒತ್ತಡವಿತ್ತು. "ಏಪ್ರಿಲ್ ಬರಲಿ ಕಾಕಾ" ಎಂದೆ. ಏಪ್ರಿಲ್ ಬರುವಷ್ಟರಲ್ಲಿ ಆತನ ಬಲಗೈಗೆ ಲಕ್ವ ಹೊಡೆಯಿತು. ಮಳೆಗಾಲಕ್ಕೆ ಆತನೇ ಇರಲಿಲ್ಲ.

ಚಿಮ್ಮಡದ ಶಿಕ್ಷಕಿ ಬಂದುಹೋದ ಮೇಲಿನ ಭಾನುವಾರ ಕರೆಂಟು ಹೋಯಿತು. ಡಬ್ಬಿಯಿಂದ ಎರಡೂ ಗೊಂಬೆ ತೆಗೆದೆ. ಗಂಜಿಯ ವಾಸನೆ ಇನ್ನೂ ಇತ್ತು. ಫೋನನ್ನು ಅಡ್ಡ ಇಟ್ಟೆ, ಅಗಲ ಹದಿನಾರು, ಎತ್ತರ ಒಂಬತ್ತು. ಇಬ್ಬರೂ ಸಾಕಷ್ಟು ಜಾಗದಲ್ಲಿ ಕೂತರು. ನಲವತ್ತು ಚಿತ್ರ ತೆಗೆದು ಓಡಿಸಿ ನೋಡಿದೆ. ರಾಟಿ ತಿರುಗಿತು, ತಲೆ ವಾಲಿತು. ಆದರೆ ಅದು ಚಿಗವ್ವ ಆಗಿರಲಿಲ್ಲ, ನನ್ನ ಕೈ ಆಡಿಸಿದ ನೂಲಿನ ಉಂಡೆಯಾಗಿತ್ತು. ಅವಳು ಎಳೆ ಹರಿದಾಗ ಹೇಗೆ ನೋಡುತ್ತಿದ್ದಳೆಂಬುದು ಗೊತ್ತಿದ್ದ ಕೈ ಒಂದೇ ಇತ್ತು. ಆ ಕೈ ಐದು ತಿಂಗಳು ಅದನ್ನೇ ಮಾಡಿ ತೋರಿಸಿದಾಗ ನಾನು ಚಿತ್ರ ತೆಗೆಯಲಿಲ್ಲ. ನಲವತ್ತನ್ನೂ ಅಳಿಸಿಹಾಕಿದೆ.

ಶಿಕ್ಷಕಿಗೆ ಉತ್ತರ ರವಾನಿಸಿದ್ದೇನೆ. ಅಗಲವಾಗಿ ತೆಗೆದುದನ್ನು ಬೇಕಾದರೆ ಕತ್ತರಿಸಿ ನೀಳ ಮಾಡಬಹುದು. ತೆಗೆಯದೆ ಬಿಟ್ಟುದನ್ನು ಯಾವ ಅರ್ಜಿಯಿಂದಲೂ ಮರಳಿ ಪಡೆಯಲಾಗದು. ಆದ್ದರಿಂದ ಫೋನ್ ಇಡುವ ಮುಂಚೆ, ಇನ್ನು ಯಾರು ಬಂದು ಕೂರುವವರಿದ್ದಾರೆಂದು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೇಳತಕ್ಕದ್ದು. ಹೀಗೆ ಬರೆದು ಸಹಿ ಮಾಡಿದೆ. ಹದಿನೆಂಟು ವರ್ಷಗಳಲ್ಲಿ ತಡಮಾಡದೆ ಕಳಿಸಿದ ಮೊದಲ ಉತ್ತರ ಅದು.

ಮೇಲ್ಕಂಡ ಬರಹದಲ್ಲಿ ಕಾಣುವ ತಪ್ಪುಗಳನ್ನು ದಯವಿಟ್ಟು ತಿದ್ದಿರಿ. ತಿದ್ದುವವರ ಅನುಕೂಲಕ್ಕಾಗಿ ಪ್ರತಿ ಹಾಳೆಯ ಬಲಗಡೆ ಮೂರು ಬೆರಳಿನಷ್ಟು ಜಾಗ ಖಾಲಿ ಬಿಟ್ಟಿದ್ದೇನೆ.