ಗಾಡಿಯವನಿಂದ ತಂದ ನಡಿಗೆ

ನಾನು ಪಾಠ ಒಪ್ಪಿಸಿ ಹಾಸ್ಯಗಾರನಾದವನಲ್ಲ. ನಾಟಕದ ಕಂಪನಿ ಸೇರುವ ಮುಂಚೆ ಬಯಲಾಟದಲ್ಲಿ ಕೋಡಂಗಿಯಾಗಿದ್ದೆ. ಭಾಗವತರಿಗೆ ಪದ ಇತ್ತು, ರಾಜನಿಗೆ ಮಾತಿತ್ತು. ಕೋಡಂಗಿಗೆ ಮಾತ್ರ ಆ ಊರಲ್ಲಿ ಆ ಹೊತ್ತಿಗೆ ಬಾಯಿಗೆ ಬಂದದ್ದೇ ಮಾತು. ಕಂಪನಿಗೆ ಬಂದ ಮೇಲೂ ನನ್ನ ಪಾಲಿನ ಹಾಳೆ ಖಾಲಿಯೇ ಇರುತ್ತಿತ್ತು. ಇದನ್ನು ಹೇಳುವಾಗ ಈಗಲೂ ಸ್ವಲ್ಪ ಜಂಬ ಬರುತ್ತದೆ, ಬರಲಿ.

ಯಾವ ಊರಲ್ಲಿ ಕ್ಯಾಂಪು ಹಾಕಿದರೂ ಮೊದಲ ದಿನ ಬೀದಿ ಸುತ್ತಿ, ಊರಿಗೆಲ್ಲ ಗೊತ್ತಿರುವ ಒಬ್ಬನನ್ನು ಹುಡುಕುತ್ತಿದ್ದೆ. ಅವನ ನಡಿಗೆ, ಕೆಮ್ಮು, ಮಾತಿನ ವರಸೆ ಆಟಕ್ಕೆ ಬರುತ್ತಿತ್ತು. ಬಯಲಾಟದ ಗುರುಗಳು ಇದಕ್ಕೊಂದು ಕಟ್ಟಳೆ ಮಾಡಿದ್ದರು. ಎಲೆ ಅಡಿಕೆ ಕೊಟ್ಟು ಅವನ ಒಪ್ಪಿಗೆ ಕೇಳಬೇಕು. ಆಟ ಮುಗಿದ ಮಾರನೆಯ ದಿನ ಅವನೆದುರು ಹೋಗಿ, 'ನಿಮ್ಮದು ನಿಮಗೆ ಒಪ್ಪಿಸಿದೆ' ಅಂದು ನನ್ನ ಸ್ವಂತ ನಡಿಗೆಯಲ್ಲಿ ವಾಪಸು ಬರಬೇಕು. ನಾನು ಅದನ್ನು ಬರೀ ಮರ್ಯಾದೆಯ ಮಾತು ಅಂದುಕೊಂಡಿದ್ದೆ.

ಯುದ್ಧದ ವರ್ಷಗಳು. ಸೀಮೆಎಣ್ಣೆಗೆ ಪರದಾಟವಾಗಿ ಮದ್ದೂರಿನಲ್ಲಿ ಹಗಲು ಹೊತ್ತೇ ಆಟವಾಡುತ್ತಿದ್ದೆವು. ಬೆಸಗರಹಳ್ಳಿ ಕಡೆಯಿಂದ ಮಂಡ್ಯಕ್ಕೆ ಕಬ್ಬು ಹೊಡೆಯುವ ಗಾಡಿಯವನೊಬ್ಬ ಸಿಕ್ಕಿದ. ಎತ್ತು ತುಳಿದು ಎಡಗಾಲು ಊನವಾಗಿತ್ತು. ಕಾಲು ಎಳೆದು ನಾಲ್ಕು ಹೆಜ್ಜೆ ಹಾಕುವನು, ನಿಲ್ಲುವನು, ತೊಡೆ ತಟ್ಟಿ 'ಊಂ, ಆಯ್ತು ಬುಡು' ಅನ್ನುವನು. ಎಲೆ ಅಡಿಕೆ ಕೊಟ್ಟಾಗ ನಕ್ಕುಬಿಟ್ಟ.

"ತಗಳಪ್ಪ, ನಂಗೇನ್ ನಷ್ಟ. ಆಮ್ಯಾಕೆ ವಾಪಸ್ ಕೊಟ್ಬುಡು. ನಂಗಿರೋದು ಅದೊಂದೇ ಕಾಲು."

ಆಟದಲ್ಲಿ ಆ ನಡಿಗೆಗೆ ಜನ ಬಿದ್ದು ಬಿದ್ದು ನಕ್ಕರು. ಡೇರೆ ತುಂಬಿತು. ಕಂಪನಿಯ ಯಜಮಾನರು ದಿನಾ ಅದೇ ಬೇಕೆಂದರು. ಹಾಗಾಗಿ ನಾನು ಒಪ್ಪಿಸಲು ಹೋಗಲಿಲ್ಲ. ನಾಳೆ ಹೋದರಾಯಿತು ಅಂದುಕೊಂಡೇ ಒಂದು ತಿಂಗಳು ಕಳೆದೆ. ಅಷ್ಟರಲ್ಲಿ ಅವನಿಗೆ ಮಂಡ್ಯದಲ್ಲಿ ಜ್ವರ ಬಂದು, ಅಲ್ಲೇ ತೀರಿಕೊಂಡು, ಅಲ್ಲೇ ಮಣ್ಣಾದ ಸುದ್ದಿ ಬಂತು. ಅವನ ವೇಷ ನಿಲ್ಲಿಸಿದೆ.

ವೇಷ ನಿಂತಿತು, ಕಾಲು ನಿಲ್ಲಲಿಲ್ಲ. ಮಳವಳ್ಳಿಯಲ್ಲಿ ಪುರೋಹಿತನಾದೆ, ಮಂತ್ರಿಯಾದೆ, ಬಾಯಿಬಡುಕ ಅತ್ತೆಯಾದೆ. ಆ ಮೂವರೂ ಎಡಗಾಲು ಎಳೆದರು. "ಯೋವ್, ಎಲ್ಲಾ ವೇಸಕ್ಕೂ ಒಂದೇ ಕಾಲಾ?" ಎಂದು ಯಾರೋ ಕೂಗಿದರು. ಒಬ್ಬನೇ ಮುಖ ತೊಳೆಯುವಾಗಲೂ ನಾನು ಯೋಚಿಸುವ ಮುಂಚೆಯೇ ನನ್ನ ಗಂಟಲು 'ಆಯ್ತು ಬುಡು' ಅನ್ನುತ್ತಿತ್ತು. ಡಾಕ್ಟರು ಕಾಲನ್ನು ಮಡಿಸಿ ನೋಡಿ ಏನೂ ಇಲ್ಲವೆಂದರು. ಡೇರೆ ಮಳವಳ್ಳಿ ಬಿಟ್ಟು ಮಂಡ್ಯದಲ್ಲಿ ಏಳುವ ನಡುವೆ ಎಂಟು ದಿನ ಬಿಡುವಿತ್ತು. ಅಷ್ಟರಲ್ಲಿ ಸರಿಹೋಗದಿದ್ದರೆ ಬೇರೆ ಹಾಸ್ಯಗಾರನನ್ನು ತರುತ್ತೇನೆ ಎಂದರು ಯಜಮಾನರು. ನನಗೆ ಬೇರೆ ಕಸುಬು ಗೊತ್ತಿರಲಿಲ್ಲ.

ಮದ್ದೂರಿಗೆ ವಾಪಸು ಬಂದು, ಛತ್ರದಲ್ಲಿ ಉಳಿದು, ಗಾಡಿಯವನ ಮನೆ ಹುಡುಕಿಕೊಂಡು ಹೋದೆ. ಮನೆಯವರೆದುರಿಗಾದರೂ ಒಪ್ಪಿಸಿಬಿಡುವ ಅಂತ. ಹಿತ್ತಲಲ್ಲಿದ್ದ ಅವನ ಹೆಂಡತಿ ನನ್ನ ಹೆಜ್ಜೆ ಕೇಳಿ ಸಗಣಿ ಮಂಕರಿಯನ್ನು ಕೆಳಗೆ ಹಾಕಿದಳು. ಗಂಡ ಸತ್ತಿದ್ದರೂ ಅವಳ ಕೈತುಂಬ ಬಳೆ ಇತ್ತು. ಒಳಗಿಂದ ಮುದುಕಿಯ ದನಿ ಬಂತು.

"ಬಂದ್ಯಾ ಮಗ? ಇಷ್ಟ್ ದಿನ ಎಲ್ಲೋಗಿದ್ಯಲಾ?"

ಹೆಂಡತಿ ನನ್ನ ಹತ್ತಿರ ಬಂದು ಪಿಸುಗುಟ್ಟಿದಳು. "ನಮ್ಮತ್ತೆಗೆ ಕಣ್ಣಿಲ್ಲ ಕಣಣ್ಣ, ಎದ್ದೂ ಓಡಾಡಲ್ಲ. ಮಗ ಸತ್ತದ್ದು ತಿಳಿಸಿಲ್ಲ. ಸದ್ದು ನಿಂತ್ರೆ ಗೊತ್ತಾಯ್ತದೆ ಅಂತ ಬಳೆನೂ ತೆಗ್ದಿಲ್ಲ. ಒಂದ್ಗಳಿಗೆ ಒಳೀಕ್ ಬಂದ್ ಓಗಿ."

ಕೊಡಲು ಹೋದವನು ಮತ್ತೆ ತೆಗೆದುಕೊಂಡೆ. ಐದು ದಿನ, ದಿನಾ ಮಧ್ಯಾಹ್ನ ಹಿತ್ತಲ ಬಾಗಿಲಿಂದ ಕಾಲೆಳೆದು ಒಳಗೆ ಹೋಗಿ ಮುದುಕಿಯ ಮಂಚದ ಪಕ್ಕ ಕೂರುತ್ತಿದ್ದೆ. ಎತ್ತಿನ ಮಾತು, ಕಬ್ಬಿನ ಮಾತು, ಬಾಯಿಗೆ ಬಂದದ್ದೆಲ್ಲ ಆಡಿದೆ. ನನಗೆ ಗೊತ್ತಿದ್ದ ಹಾಸ್ಯವನ್ನೆಲ್ಲ ಸುರಿದೆ. ಅವಳು ಊಂಗುಟ್ಟುತ್ತಿದ್ದಳೇ ಹೊರತು ಒಮ್ಮೆಯೂ ನಗಲಿಲ್ಲ. ದಿನದಿಂದ ದಿನಕ್ಕೆ ಕಾಲು ಭಾರವಾಗುತ್ತಿತ್ತು.

ಆರನೆಯ ದಿನ ಒಳಗೆ ಕಾಲಿಟ್ಟಾಗ ಮುದುಕಿ ತಲೆ ಎತ್ತಿ ಆಲಿಸಿದಳು.

"ಇವತ್ತೇನ್ಲಾ ಮಗ, ಜೊತೇಲಿ ಯಾರ್ನೋ ಕರ್ಕಂಡ್ ಬಂದಿದ್ದೀಯೆ?"

ನಾನು ನಿಂತುಬಿಟ್ಟೆ. ನಾನು ನಿಂತ ಮೇಲೂ ಹೆಜ್ಜೆಯ ಸದ್ದು ನಿಲ್ಲಲಿಲ್ಲ. ನೆಲದ ಮೇಲೆ ಎಳೆದ ಕಾಲು ನನ್ನ ಪಕ್ಕದಲ್ಲೇ ಹಾದು ಮಂಚದವರೆಗೆ ಹೋಯಿತು. ಮಂಚ ಕಿರುಗುಟ್ಟಿತು. ಮಂಚದ ಅಂಚಿನಲ್ಲಿ ಯಾರೂ ಕಾಣಲಿಲ್ಲ, ಹಿತ್ತಲ ಬಾಗಿಲಲ್ಲಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ.

"ಕುಂತ್ಕೊ ಮಗ," ಎಂದಳು ಮುದುಕಿ, ಮಂಚದ ಅಂಚಿನ ಕಡೆಗೇ ತಿರುಗಿ. "ಆ ಬಂದೋರು ಯಾರೋ ಪಾಪ, ನಿಂತೇ ಅವ್ರೆ. ಅವ್ರಿಗೊಂದು ಲೋಟ ಮಜ್ಜಿಗೆ ಕೊಟ್ ಕಳುಸವ್ವ."

ಸೊಸೆ ಮಜ್ಜಿಗೆ ತಂದು ನನ್ನ ಕೈಗಿಟ್ಟಳು. ಅರ್ಧ ಚೆಲ್ಲಿತ್ತು. ಅವಳ ಕಣ್ಣು ಮಂಚದ ಅಂಚಿನ ಮೇಲೇ ಇತ್ತು.

"ಇನ್ ನೀವು ಬರ್ಬ್ಯಾಡಿ ಕಣಣ್ಣ," ಎಂದಳು ಮೆಲ್ಲಗೆ.

ಹೊರಟೆ. ಮುಂಬಾಗಿಲ ಹೊಸ್ತಿಲು ದಾಟುವಾಗ ಎಡಗಾಲು ನೆಟ್ಟಗೆ ಬಿತ್ತು. ಎರಡು ತಿಂಗಳಿಂದ ಕಾಣದ ನನ್ನದೇ ಹೆಜ್ಜೆ. ಬಂದ ಕೆಲಸ ಆಗಿತ್ತು, ಕಂಪನಿಯ ಅನ್ನವೂ ಉಳಿಯಿತು. ಜಗಲಿ ಇಳಿಯುತ್ತಿದ್ದಾಗ ಒಳಗೆ ಮುದುಕಿ ನಗತೊಡಗಿದಳು. ಯಾರೋ ಏನೋ ಹೇಳುತ್ತಿದ್ದ ಹಾಗೆ ನಡುನಡುವೆ ನಿಲ್ಲಿಸಿ, ಕೇಳಿಸಿಕೊಂಡು, ಮತ್ತೆ ಉಸಿರು ಕಟ್ಟುವಷ್ಟು ನಕ್ಕಳು. ಅಷ್ಟು ಹೊಟ್ಟೆ ತುಂಬ ನಾನು ಯಾರನ್ನೂ ನಗಿಸಿದವನಲ್ಲ. ಭಯ ಆಮೇಲೆ ದಾರಿಯಲ್ಲಿ ಬಂತು. ಜಗಲಿಯ ಮೇಲೆ ನನಗೆ ಮೊದಲು ಬಂದದ್ದು ಆ ಸತ್ತವನ ಮೇಲೆ ಹೊಟ್ಟೆಕಿಚ್ಚು.